ನಮ್ಮ ಪಾರ್ಕಿಗೆ ಸೆನ್ಸರ್ ಹಾಕಿಸಬೇಕಂತೆ. ಯಾರಾದ್ರೂ ಹಾಕಿಸಿ ನೋಡಿದ್ದೀರಾ?

ಹೊಂಗೆನೆರಳು

ಎಲ್ಲರಿಗೂ ನಮಸ್ಕಾರ. ಬೆಂಗಳೂರು ದಕ್ಷಿಣದ ಒಂದು ಹಳೇ ಬಡಾವಣೆ ನಮ್ಮದು. ನಡುವೆ ಸುಮಾರು ಒಂದು ಎಕರೆ ಪಾರ್ಕ್ ಇದೆ. ಅರ್ಧ ಭಾಗ ಹುಲ್ಲುಹಾಸು, ಉಳಿದದ್ದು ಹೊಂಗೆ, ನೇರಳೆ, ಎರಡು ದೊಡ್ಡ ಗುಲ್‌ಮೊಹರ್, ಮಕ್ಕಳ ಜಾರುಬಂಡೆ. ಒಂದು ಬೋರ್, ಒಂದು ಸಂಪು. ಮಾಲಿ ದಂಪತಿ ಅಲ್ಲೇ ಮೂಲೆಯ ಶೆಡ್ಡಿನಲ್ಲಿ ಇದ್ದಾರೆ.

ಕಳೆದ ಭಾನುವಾರ ಸಂಘದ ಸಭೆಗೆ ಒಬ್ಬ ಹುಡುಗ ಲ್ಯಾಪ್‌ಟಾಪ್ ಹಿಡಿದು ಬಂದಿದ್ದ. ಯಾವುದೋ ಕಂಪನಿಯವನು. ಮಣ್ಣಿನ ತೇವ, ಗಾಳಿಯ ಗುಣಮಟ್ಟ, ಶಬ್ದ, ಬಂದುಹೋಗುವವರ ಲೆಕ್ಕ ಎಲ್ಲಕ್ಕೂ ಸೆನ್ಸರ್ ಹಾಕುತ್ತಾರಂತೆ. ಜೊತೆಗೆ ನಾಲ್ಕು ಕ್ಯಾಮೆರಾ, ಗೇಟಿನ ಹತ್ತಿರ ಒಂದು ದೊಡ್ಡ ಸ್ಕ್ರೀನ್. ಒಟ್ಟು 4 ಲಕ್ಷದ 80 ಸಾವಿರ, ಆಮೇಲೆ ವರ್ಷಕ್ಕೆ 60 ಸಾವಿರ. ಬಡಾವಣೆಯ ಹಿರಿಯರೊಬ್ಬರು ಅರ್ಧ ದುಡ್ಡು ಕೊಡ್ತೀನಿ ಅಂದಿದ್ದಾರೆ. ಸಭೆಯಲ್ಲಿ ಅರ್ಧ ಜನ ಚಪ್ಪಾಳೆ ತಟ್ಟಿದರು, ಅರ್ಧ ಜನ ಕಾಫಿಗೆ ಎದ್ದುಹೋದರು.

ನಾನು ಕಾರ್ಯದರ್ಶಿ. ಇಂಜಿನಿಯರ್ ಅಲ್ಲ, ಬ್ಯಾಂಕಿನಲ್ಲಿ ಇದ್ದವಳು. ಇದರಲ್ಲಿ ಯಾವುದು ನಿಜವಾಗಿ ಉಪಯೋಗ, ಯಾವುದು ಸುಮ್ನೆ ಶೋಕಿ? ಅನುಭವ ಇದ್ದವರು ಹೇಳಿ.

ವಾಕಿಂಗ್‌ಅಂಕಲ್

ಮೇಡಂ, ಮೊದಲು ಪಾರ್ಕಿನ ಶೌಚಾಲಯದ ನಲ್ಲಿ ರಿಪೇರಿ ಮಾಡಿಸಿ. ಎಂಟು ತಿಂಗಳಿಂದ ಸೋರುತ್ತಿದೆ. ಅದನ್ನು ಕಂಡುಹಿಡಿಯೋಕೆ ಸೆನ್ಸರ್ ಬೇಡ, ಕಣ್ಣು ಸಾಕು.

ಸೋಲ್ಡರ್‌ಕಡ್ಡಿ

ಅಂಕಲ್ ಮಾತಿಗೆ ನನ್ನದೂ ಒಂದು ಓಟು.

ನಾನು ನಮ್ಮ ಅಪಾರ್ಟ್‌ಮೆಂಟಿನ ತೋಟಕ್ಕೆ ಎರಡು ವರ್ಷದ ಹಿಂದೆ ಸೆನ್ಸರ್ ಹಾಕಿ, ಮೂರು ಸಲ ಸೋತು, ನಾಲ್ಕನೇ ಸಲ ಗೆದ್ದವನು. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರಾದರೆ ದಾಟಿ ಮುಂದೆ ಹೋಗಿ.

ಮಣ್ಣಿನ ತೇವ ಅಳೆಯುವ ಅಗ್ಗದ ಸೆನ್ಸರ್‌ಗಳಲ್ಲಿ ಎರಡು ಜಾತಿ. ಒಂದಕ್ಕೆ ಫೋರ್ಕಿನ ಹಾಗೆ ಎರಡು ಬರಿ ಲೋಹದ ಕಾಲು ಇರುತ್ತವೆ. ಮಣ್ಣಿನಲ್ಲಿ ಕರೆಂಟು ಎಷ್ಟು ಸುಲಭವಾಗಿ ಹರಿಯುತ್ತದೆ ಅಂತ ನೋಡುತ್ತದೆ. ಇದನ್ನು ತಗೋಬೇಡಿ. ಒದ್ದೆ ಮಣ್ಣಲ್ಲಿ ಕರೆಂಟು ಹರಿದರೆ ಆ ಲೋಹ ಕೆಲವೇ ವಾರಗಳಲ್ಲಿ ಕೊರೆದು ಹೋಗುತ್ತದೆ. ಗೊಬ್ಬರ ಹಾಕಿದ ಮರುದಿನ ಉಪ್ಪಿನಂಶಕ್ಕೆ ತಪ್ಪು ಲೆಕ್ಕ ಬೇರೆ ಕೊಡುತ್ತದೆ. ಇನ್ನೊಂದು ಕೆಪ್ಯಾಸಿಟಿವ್. ಅದರ ಲೋಹ ಹೊರಗೆ ಕಾಣುವುದಿಲ್ಲ, ಮೇಲೆ ಪದರ ಇರುತ್ತದೆ. ಬೆಲೆ ಇನ್ನೂರು ರೂಪಾಯಿ ಆಸುಪಾಸು. ಅದು ಬಾಳುತ್ತದೆ. ಆದರೆ ಮೇಲ್ಭಾಗದ ಸರ್ಕ್ಯೂಟಿಗೆ ನೀರು ಇಳಿಯದ ಹಾಗೆ ನೀವೇ ಎಪಾಕ್ಸಿ ಬಳಿಯಬೇಕು. ನಾನು ಮೊದಲ ಸಲ ಬಳಿಯಲಿಲ್ಲ. ಮೊದಲ ಮಳೆಗೇ ಸೋತೆ.

ಎರಡನೇ ಸಲ ಹೂಳುವ ರೀತಿ ಗೊತ್ತಿಲ್ಲದೆ ಸೋತೆ. ಗುಂಡಿ ತೋಡಿ, ಸೆನ್ಸರ್ ಇಳಿಸಿ, ಒಣ ಮಣ್ಣು ಮುಚ್ಚಿದೆ. ಸುತ್ತ ಗಾಳಿ ಉಳಿದುಕೊಂಡಿತು. ಮಳೆ ಸುರಿಯುತ್ತಿದ್ದಾಗಲೂ 'ಒಣಗಿದೆ, ಒಣಗಿದೆ' ಅಂತ ಮೆಸೇಜು. ಅದೇ ಗುಂಡಿಯ ಮಣ್ಣನ್ನು ನೀರಲ್ಲಿ ಕದಡಿ, ದೋಸೆ ಹಿಟ್ಟಿನ ಹದಕ್ಕೆ ತಂದು, ಅದನ್ನು ಸುರಿದು ಹೂಳಬೇಕು.

ಮೂರನೇ ಸಲದ ಸೋಲು ಲೆಕ್ಕದ್ದು. ಸೆನ್ಸರ್ ಕೊಡುವುದು ಬರೀ ಒಂದು ಅಂಕಿ. ಕೆಂಪು ಮಣ್ಣಿಗೂ ಕಪ್ಪು ಎರೆಮಣ್ಣಿಗೂ ಅದರ ಅರ್ಥ ಬೇರೆ. ನಿಮ್ಮ ಪಾರ್ಕಿನದೇ ಮಣ್ಣನ್ನು ಒಂದು ಬಕೆಟ್ ತಂದು, ಬಿಸಿಲಲ್ಲಿ ಚೆನ್ನಾಗಿ ಒಣಗಿಸಿ, ಅಳತೆ ಮಾಡಿ ನೀರು ಹಾಕುತ್ತಾ ಅಂಕಿ ಬರೆದುಕೊಳ್ಳಬೇಕು. ಒಂದು ಭಾನುವಾರದ ಕೆಲಸ. ಕಂಪನಿ ಹುಡುಗನನ್ನು 'ನಮ್ಮ ಮಣ್ಣಿಗೆ ಕ್ಯಾಲಿಬ್ರೇಟ್ ಮಾಡ್ತೀಯೇನಪ್ಪಾ' ಅಂತ ಕೇಳಿ. ಮುಖ ನೋಡಿದರೆ ಉತ್ತರ ಗೊತ್ತಾಗುತ್ತದೆ.

ಹುಲ್ಲಿಗೆ 10–15 ಸೆಂಟಿಮೀಟರ್ ಆಳ ಸಾಕು. ಮರಕ್ಕೆ ಅದು ಸಾಲದು.

ಹೊಂಗೆನೆರಳು

ಅಯ್ಯೋ, ಇಷ್ಟು ಚೆನ್ನಾಗಿ ಆ ಹುಡುಗನೂ ಹೇಳಲಿಲ್ಲ. ಆದರೆ ನನ್ನ ಮೂಲ ಅನುಮಾನ ಬೇರೆ. ಇದರಿಂದ ನೀರು ಉಳಿಯುತ್ತಾ? ಉಳಿದರೆ ಎಷ್ಟು? ಸಭೆಯಲ್ಲಿ ಆ ಲೆಕ್ಕ ಮಾತ್ರ ಯಾರೂ ಕೊಡಲಿಲ್ಲ.

ಸಂಪುಸಂಗಾತಿ

ಲೆಕ್ಕ ಸುಲಭ ಇದೆ ಮೇಡಂ. ಒಂದು ಚದರ ಮೀಟರ್ ಜಾಗಕ್ಕೆ ಒಂದು ಮಿಲಿಮೀಟರ್ ನೀರು ಅಂದರೆ ಸರಿಯಾಗಿ ಒಂದು ಲೀಟರ್. ನಿಮ್ಮ ಹುಲ್ಲುಹಾಸು ಅರ್ಧ ಎಕರೆ, ಅಂದರೆ ಸುಮಾರು 2,000 ಚದರ ಮೀಟರ್. ಬೇಸಿಗೆಯಲ್ಲಿ ಹುಲ್ಲು ದಿನಕ್ಕೆ 4–5 ಮಿ.ಮೀ. ಕುಡಿಯುತ್ತದೆ. ಒಂದು ಸಲ ಪೂರ್ತಿ ನೀರು ಬಿಟ್ಟರೆ 10,000 ಲೀಟರ್ ಹೋಯಿತು. ಬೇಡದ ದಿನ ಬಿಟ್ಟರೆ ಅಷ್ಟೂ ದಂಡ.

2024ರ ಮಾರ್ಚ್ ಮರೆತುಬಿಟ್ಟಿರಾ? ಬೋರ್‌ವೆಲ್ ಒಂದೊಂದಾಗಿ ಬತ್ತಿದವು. ಗಿಡಗಳಿಗೆ, ಕಾರು ತೊಳೆಯೋಕೆ ಕುಡಿಯುವ ನೀರು ಬಳಸಿದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಆದೇಶ ಹೊರಡಿಸಿತು. ಟ್ಯಾಂಕರ್ ದರ ಆಕಾಶಕ್ಕೆ ಏರಿ, ಕೊನೆಗೆ ಜಿಲ್ಲಾಡಳಿತವೇ ದರ ಕಟ್ಟಬೇಕಾಯಿತು. 5 ಕಿ.ಮೀ. ಒಳಗೆ 6,000 ಲೀಟರಿಗೆ 600 ರೂಪಾಯಿ, 12,000 ಲೀಟರಿಗೆ 1,000. ಆ ದರದಲ್ಲಿ ನೋಡಿದರೂ ನಿಮ್ಮ ಹುಲ್ಲು ಒಂದು ಹೊತ್ತಿಗೆ ಹೆಚ್ಚುಕಮ್ಮಿ ಒಂದು ಟ್ಯಾಂಕರ್ ಕುಡಿಯುತ್ತದೆ.

ಹಾಗಾಗಿ ನನ್ನ ಮಟ್ಟಿಗೆ ಆ ಪಟ್ಟಿಯಲ್ಲಿ ದುಡ್ಡು ವಾಪಸ್ ತರುವುದು ಮಣ್ಣಿನ ತೇವ ಒಂದೇ. ಅದರ ಜೊತೆ ಸಂಪಿನ ಮಟ್ಟ. ಉಳಿದದ್ದು ಅಲಂಕಾರ.

ಎರಡನೇತಿರುವು

ಅಲಂಕಾರ ಅಂತ ತಳ್ಳಿಹಾಕೋದು ತಪ್ಪು. ಸ್ಪೇನಿನ ಸಾಂತಂದೇರ್ ನೋಡಿ. ನಮ್ಮ ಒಂದು ಜಿಲ್ಲಾ ಕೇಂದ್ರದಷ್ಟು ಊರು. ಅಲ್ಲಿ ಸುಮಾರು 12 ಸಾವಿರ ಸೆನ್ಸರ್ ಹಾಕಿದರು. ದೀಪದ ಕಂಬ, ಪಾರ್ಕಿಂಗ್ ಜಾಗ, ಕಸದ ಡಬ್ಬಿ ಎಲ್ಲಕ್ಕೂ. ಲಾಸ್ ಯಾಮಾಸ್ ಅನ್ನುವ ಪಾರ್ಕಿನಲ್ಲಿ ಮಣ್ಣಿನ ತೇವ ನೋಡಿ ನೀರು ಬಿಡುವ ವ್ಯವಸ್ಥೆ. ಬಾರ್ಸಿಲೋನಾದಲ್ಲೂ ಪಾರ್ಕುಗಳ ವಾಲ್ವುಗಳನ್ನು ದೂರದಿಂದಲೇ ತೆಗೆದು ಮುಚ್ಚುತ್ತಾರೆ. ಐಟಿ ರಾಜಧಾನಿ ಅಂತ ಹೇಳಿಕೊಳ್ಳುವ ನಮಗೆ ಒಂದು ಎಕರೆಗೆ ಆಗಲ್ವಾ?

ತುಮಕೂರ್‌ತೆಂಗು

ಗುರೂ, ಸ್ಪೇನ್ ತನಕ ಯಾಕೆ ಹೋಗ್ತೀರಾ. ನಮ್ಮ ಊರಿನ ತೋಟದಲ್ಲಿ ಮೋಟರ್ ಸ್ಟಾರ್ಟರಿಗೆ ಸಿಮ್ ಹಾಕಿ ಎಷ್ಟೋ ವರ್ಷ ಆಯಿತು. ರಾತ್ರಿ ತ್ರೀ ಫೇಸ್ ಬಂದರೆ ಅಪ್ಪನ ಫೋನಿಗೆ ಕರೆ ಬರುತ್ತದೆ. ಅಲ್ಲಿಂದಲೇ ಮೋಟರ್ ಆನ್. ಬೋರಲ್ಲಿ ನೀರು ನಿಂತರೆ ತಾನೇ ಆಫ್. ಹಾವು ಚೇಳು ತುಳಿದುಕೊಂಡು ಕತ್ತಲಲ್ಲಿ ಪಂಪ್‌ಹೌಸಿಗೆ ಹೋಗೋದು ತಪ್ಪಿತು. ಯಾರೂ ಅದನ್ನು ಸ್ಮಾರ್ಟ್ ತೋಟ ಅಂತ ಕರೆಯಲಿಲ್ಲ, ರಿಬ್ಬನ್ ಕಟ್ ಮಾಡಲಿಲ್ಲ. ಪೇಟೆಯ ಅಂಗಡಿಯಲ್ಲಿ ಸಿಗುತ್ತದೆ, ಕೆಟ್ಟರೆ ಅದೇ ಪೇಟೆಯಲ್ಲಿ ರಿಪೇರಿ ಆಗುತ್ತದೆ. ನಿಮ್ಮ ಪಾರ್ಕಿನ ಬೋರಿಗೂ ಅದನ್ನೇ ಹಾಕಿ.

ಸೋಲ್ಡರ್‌ಕಡ್ಡಿ

ಇದಕ್ಕಿಂತ ಒಳ್ಳೆಯ ಸಲಹೆ ಈ ಚರ್ಚೆಯಲ್ಲಿ ಬರಲ್ಲ. ಕೆಟ್ಟರೆ ಅದೇ ಪೇಟೆಯಲ್ಲಿ ರಿಪೇರಿ ಆಗಬೇಕು ಅನ್ನುವ ಸಾಲನ್ನು ಕೊಟೇಶನ್ನಿನ ಮೇಲೆ ಬರೆದಿಡಿ.

ಕಡಲೆಕಾಯ್‌ಪರಿಷೆ

ಗಾಳಿಯ ಸೆನ್ಸರ್ ಬಗ್ಗೆ ಯಾರೂ ಮಾತಾಡಲಿಲ್ಲ? ನಮ್ಮ ಮಗಳಿಗೆ ಉಬ್ಬಸ ಇದೆ. ಪಾರ್ಕಿಗೆ ಯಾವ ಹೊತ್ತು ಕರೆದುಕೊಂಡು ಹೋಗಬೇಕು ಅಂತ ಗೊತ್ತಾದರೆ ನನಗೆ ಅದು ಅಲಂಕಾರ ಅಲ್ಲ.

ಸೋಲ್ಡರ್‌ಕಡ್ಡಿ

ನಿಮ್ಮ ಮಾತು ಸರಿ ಅಕ್ಕ. ಆದರೆ ಅಗ್ಗದ ಗಾಳಿ ಸೆನ್ಸರ್ ಹೇಗೆ ಕೆಲಸ ಮಾಡುತ್ತದೆ ಅಂತ ಗೊತ್ತಿದ್ದರೆ ಒಳ್ಳೆಯದು. ಒಳಗೆ ಚಿಕ್ಕ ಫ್ಯಾನ್, ಚಿಕ್ಕ ಲೇಸರ್. ಧೂಳಿನ ಕಣಕ್ಕೆ ಬೆಳಕು ಬಡಿದು ಚದುರುವುದನ್ನು ಎಣಿಸುತ್ತದೆ. ತೊಂದರೆ ಏನೆಂದರೆ ಮಂಜಿನ ಹನಿಗೂ ಬೆಳಕು ಚದುರುತ್ತದೆ. ಡಿಸೆಂಬರ್ ಬೆಳಿಗ್ಗೆ ಆರಕ್ಕೆ ತೇವ ಜಾಸ್ತಿ ಇದ್ದಾಗ ನಿಜಕ್ಕಿಂತ ಹೆಚ್ಚೇ ತೋರಿಸುತ್ತದೆ. ಹಾಗಾಗಿ ಒಂದು ಗಳಿಗೆಯ ಅಂಕಿ ನೋಡಿ ಗಾಬರಿ ಆಗಬೇಡಿ. ವಾರಗಟ್ಟಲೆ ಬರೆದಿಟ್ಟು, ಯಾವ ಹೊತ್ತಿಗೆ ಏರುತ್ತದೆ, ಯಾವ ಹೊತ್ತಿಗೆ ಇಳಿಯುತ್ತದೆ ಅಂತ ನೋಡಿದರೆ ಉಪಯೋಗ ಇದೆ. ಪಿಎಂ 2.5ಕ್ಕೆ, ಅಂದರೆ ಶ್ವಾಸಕೋಶದೊಳಗೆ ಇಳಿಯುವಷ್ಟು ಸಣ್ಣ ಧೂಳಿಗೆ, ನಮ್ಮ ದೇಶದ ಮಿತಿ 24 ಗಂಟೆಯ ಸರಾಸರಿಯಲ್ಲಿ ಒಂದು ಘನ ಮೀಟರ್ ಗಾಳಿಗೆ 60 ಮೈಕ್ರೋಗ್ರಾಂ. ಅದು ದಿನದ ಸರಾಸರಿ, ಒಂದು ಕ್ಷಣದ್ದಲ್ಲ.

ಸರ್ಕಾರದ ದೊಡ್ಡ ಮಾಪನ ಕೇಂದ್ರಗಳ ಅಂಕಿ 'ಸಮೀರ್' ಆಪಿನಲ್ಲಿ ಪುಕ್ಕಟೆ ಸಿಗುತ್ತದೆ. ಸದ್ಯಕ್ಕೆ ಹತ್ತಿರದ ಕೇಂದ್ರ ಯಾವುದು ಅಂತ ನೋಡಿಟ್ಟುಕೊಳ್ಳಿ.

ಮೆಲ್ಬರ್ನ್‌ಮಲ್ಲಿಗೆ

ನಾನು ಹನ್ನೆರಡು ವರ್ಷದಿಂದ ಮೆಲ್ಬರ್ನಿನಲ್ಲಿ ಇದ್ದೇನೆ, ತವರು ಮೈಸೂರು. ಇಲ್ಲಿನ ಒಂದು ತಮಾಷೆ ಹೇಳಲೇಬೇಕು. ನಗರ ಪಾಲಿಕೆಯವರು 2013ರಲ್ಲಿ ಸುಮಾರು 70 ಸಾವಿರ ಮರಗಳಿಗೆ ಒಂದೊಂದು ನಂಬರ್, ಒಂದೊಂದು ಇಮೇಲ್ ವಿಳಾಸ ಕೊಟ್ಟರು. ಕೊಂಬೆ ಮುರಿದಿದ್ದರೆ, ರೋಗ ಬಂದಿದ್ದರೆ ಜನ ತಿಳಿಸಲಿ ಅಂತ. ಜನ ಮರಗಳಿಗೆ ಪ್ರೇಮಪತ್ರ ಬರೆಯೋಕೆ ಶುರು ಮಾಡಿದರು! 'ಇವತ್ತು ಕಾಲೇಜಿಗೆ ಹೋಗುವಾಗ ನಿನ್ನ ಎಲೆ ನೋಡಿ ಖುಷಿ ಆಯಿತು' ಅನ್ನುವಂಥ ಕಾಗದ. ಪಾಲಿಕೆಯವರು ಕೆಲವು ಮರಗಳ ಪರವಾಗಿ ಉತ್ತರವನ್ನೂ ಬರೆದರು.

ಅಲ್ಲಿ ಸೆನ್ಸರ್ ಏನೂ ಇರಲಿಲ್ಲ, ಬರೀ ನಂಬರ್. ನಿಮ್ಮ ಪಾರ್ಕಿನ ಮರಗಳಿಗೂ ಮೊದಲು ನಂಬರ್ ಹಾಕಿ. ಯಾವ ಮರ ಅಂತ ಹೇಳೋಕೆ 'ಆ ಬೆಂಚಿನ ಪಕ್ಕದ್ದು, ಅದರ ಪಕ್ಕದ್ದು' ಅನ್ನುವುದು ತಪ್ಪುತ್ತದೆ.

ಕಿಟಕಿಪರದೆ

ಎಲ್ಲರೂ ನೀರು, ಗಾಳಿ ಅಂತಿದ್ದೀರಿ. ನನ್ನ ಕಣ್ಣು ಬಿದ್ದದ್ದು ಆ ನಾಲ್ಕು ಕ್ಯಾಮೆರಾ ಮೇಲೆ.

ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ 3,000ಕ್ಕೂ ಹೆಚ್ಚು 'ಸ್ಮಾರ್ಟ್' ಬೀದಿ ದೀಪ ಹಾಕಿದರು. ಕರೆಂಟು ಉಳಿಯುತ್ತದೆ, ಟ್ರಾಫಿಕ್ ಲೆಕ್ಕ ಸಿಗುತ್ತದೆ ಅಂತ ಹೇಳಿಯೇ ಹಾಕಿದ್ದು. ಅದರೊಳಗಿನ ಕ್ಯಾಮೆರಾ ದೃಶ್ಯಗಳನ್ನು ಪೊಲೀಸರು ತನಿಖೆಗೆ ಬಳಸುತ್ತಿದ್ದಾರೆ ಅಂತ ಜನಕ್ಕೆ ತಿಳಿದದ್ದು ಆಮೇಲೆ. ಗಲಾಟೆ ಎದ್ದು 2020ರಲ್ಲಿ ಮೇಯರ್ ಅದನ್ನು ನಿಲ್ಲಿಸಬೇಕಾಯಿತು. ಕೆನಡಾದ ಟೊರಾಂಟೋದಲ್ಲಿ ಗೂಗಲ್‌ನ ಅಕ್ಕತಂಗಿ ಕಂಪನಿ ಸೈಡ್‌ವಾಕ್ ಲ್ಯಾಬ್ಸ್ ಕೆರೆದಂಡೆಯ 12 ಎಕರೆಯಲ್ಲಿ ಪೂರ್ತಿ ಸೆನ್ಸರ್ ಬಡಾವಣೆ ಕಟ್ಟುತ್ತೇವೆ ಅಂತ 2017ರಲ್ಲಿ ಬಂದಿತು. ಈ ಮಾಹಿತಿಯೆಲ್ಲ ಯಾರ ಕೈಗೆ ಅಂತ ಜನ ಬಿಡದೆ ಕೇಳಿದರು. 2020ರ ಮೇನಲ್ಲಿ ಯೋಜನೆ ಕೈಬಿಟ್ಟರು. ಕೊರೋನಾ ಕಾಲದ ಆರ್ಥಿಕ ಅನಿಶ್ಚಿತತೆ ಅಂತ ಕಾರಣ ಕೊಟ್ಟರು, ಅದು ಬೇರೆ ಮಾತು.

ನಿಮ್ಮ ಪಾರ್ಕಿಗೆ ಬರುವವರಲ್ಲಿ ಮಕ್ಕಳೇ ಜಾಸ್ತಿ. ಆ ದೃಶ್ಯ ಯಾರ ಸರ್ವರಿನಲ್ಲಿ, ಎಷ್ಟು ದಿನ ಇರುತ್ತದೆ? ನಮ್ಮಲ್ಲೂ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂದಿದೆ. ಸಂಘದ ಪರವಾಗಿ ಸಹಿ ಹಾಕುವವರು ನೀವು, ಕಂಪನಿ ಹುಡುಗ ಅಲ್ಲ.

ವಾಕಿಂಗ್‌ಅಂಕಲ್

ಇದನ್ನು ನಾನು ಒಪ್ಪಲ್ಲ. ಹೋದ ವರ್ಷ ನಮ್ಮ ಪಕ್ಕದ ರಸ್ತೆಯಲ್ಲಿ ಸಂಜೆ ಏಳಕ್ಕೆ ಒಬ್ಬ ಅಜ್ಜಿಯ ಸರ ಕಿತ್ತುಕೊಂಡು ಹೋದರು. ಕ್ಯಾಮೆರಾ ಇದ್ದಿದ್ದರೆ ಗಾಡಿ ನಂಬರಾದರೂ ಸಿಗುತ್ತಿತ್ತು. ಗೌಪ್ಯತೆ ಗೌಪ್ಯತೆ ಅಂದುಕೊಂಡು ಸರ ಕಳೆದುಕೊಳ್ಳಬೇಕಾ?

ಕಿಟಕಿಪರದೆ

ಸರ್, ಆ ಸಂಜೆ ಅಲ್ಲಿ ದೀಪ ಉರಿಯುತ್ತಿತ್ತಾ?

ವಾಕಿಂಗ್‌ಅಂಕಲ್

ಇಲ್ಲ. ಅದೂ ನಿಜ.

ಕಿಟಕಿಪರದೆ

ಹಾಗಾದರೆ ಗೇಟಿಗೆ ಒಂದು ಕ್ಯಾಮೆರಾ ಬೇಕಿದ್ದರೆ ಇರಲಿ, ರಸ್ತೆ ಕಡೆಗೆ ಮುಖ ಮಾಡಿ. ನಾನು ಹಟ ಹಿಡಿಯಲ್ಲ. ಆದರೆ ಎಷ್ಟು ಜನ ಬರುತ್ತಾರೆ ಅಂತ ಎಣಿಸೋಕೆ ಕ್ಯಾಮೆರಾ ಬೇಡ. ಗೇಟಿನ ಎರಡು ಕಂಬಕ್ಕೆ ಇನ್‌ಫ್ರಾರೆಡ್ ಕಿರಣದ ಜೋಡಿ ಕೂರಿಸಿದರೆ ಸಾಕು, ಅಡ್ಡ ಬಂದಾಗಲೆಲ್ಲ ಒಂದು ಎಣಿಕೆ. ಮುಖ ಇಲ್ಲ, ಹೆಸರಿಲ್ಲ. ನಾಯಿಯನ್ನೂ ಎಣಿಸಿಬಿಡುತ್ತದೆ, ಅಷ್ಟೆ.

ಜೋಳದರೊಟ್ಟಿ

ನಾನು ಉತ್ತರ ಕರ್ನಾಟಕದವ. ನಮ್ಮೂರಿನ ಒಂದು ಪಾರ್ಕಿನೊಳಗ ಇಂಥದ್ದೇ ದೊಡ್ಡ ಸ್ಕ್ರೀನ್ ಹಚ್ಚಿದ್ರು. ಉದ್ಘಾಟನೆ ಜೋರು ಆತು. ಮೊದಲ ಮಳೆಗಾಲದ ತನಕ ಉಷ್ಣಾಂಶ, ಗಾಳಿ, ಶಬ್ದ ಎಲ್ಲಾ ಬರ್ತಿತ್ತು. ಆಮೇಲೆ ಸಿಮ್ ರೀಚಾರ್ಜ್ ಯಾರು ಮಾಡಬೇಕು ಅನ್ನೋದು ಯಾರಿಗೂ ಗೊತ್ತಿರಲಿಲ್ಲ. ಎರಡು ವರ್ಷ ಆ ಸ್ಕ್ರೀನ್ 27 ಡಿಗ್ರಿ ಅಂತಲೇ ತೋರಿಸ್ತು. ಮೇ ತಿಂಗಳ ಬಿಸಿಲಿನೊಳಗ ನಾವು ಅದರ ಮುಂದ ನಿಂತು ನಗತಿದ್ವಿ. ಈಗ ಅದರ ಹಿಂದ ಗುಬ್ಬಿ ಗೂಡು ಕಟ್ಟ್ಯಾವ.

ಸ್ಮಾರ್ಟ್ ಸಿಟಿ ಯೋಜನೆ 2015ರ ಜೂನ್‌ನಾಗ ಶುರು ಆತು, 2025ರ ಮಾರ್ಚ್‌ಗೆ ಮುಗೀತು. ನಮ್ಮ ರಾಜ್ಯದ ಏಳು ಊರು ಅದರೊಳಗ ಇದ್ದವು. ಅದರೊಳಗಿನ ಒಳ್ಳೆ ಕೆಲಸನೂ ನೋಡೀನಿ, ಇಲ್ಲ ಅನ್ನಂಗಿಲ್ಲ. ಆದ್ರ ಯೋಜನೆಗೆ ಮುಗಿಯೋ ತಾರೀಖು ಇರ್ತದ, ಬ್ಯಾಟರಿಗೂ ಇರ್ತದ. ಎರಡರದ್ದೂ ತಾರೀಖು ಕೇಳಿ ಸಹಿ ಮಾಡ್ರಿ.

ಎರಡನೇತಿರುವು

ಗುಬ್ಬಿ ಗೂಡು ಕಟ್ಟಿತಲ್ಲ, ಪಾರ್ಕ್ ಉದ್ಧಾರ ಆದ ಹಾಗೇ. 😄

ರಾಜಕಾಲುವೆ

ಪಾರ್ಕಿನಿಂದ ಸ್ವಲ್ಪ ಹೊರಗೆ ಬರ್ತೀನಿ, ಕ್ಷಮಿಸಿ. ನಾನು 2022ರ ಸೆಪ್ಟೆಂಬರಿನಲ್ಲಿ ಸರ್ಜಾಪುರ ರಸ್ತೆ ಕಡೆ ಬಾಡಿಗೆಗೆ ಇದ್ದವನು. ಒಂದೇ ದಿನಕ್ಕೆ 131.6 ಮಿ.ಮೀ. ಮಳೆ. ಟ್ರ್ಯಾಕ್ಟರಿನಲ್ಲಿ ಕೂತು ಆಫೀಸಿಗೆ ಹೋದ ಫೋಟೋಗಳನ್ನು ನೀವೆಲ್ಲ ನೋಡಿರ್ತೀರಿ, ಅದರಲ್ಲಿ ಒಂದು ಬೆನ್ನು ನನ್ನದು.

ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದವರು ರಾಜ್ಯದಲ್ಲಿ 6,000ಕ್ಕೂ ಹೆಚ್ಚು ಸ್ವಯಂಚಾಲಿತ ಮಳೆಮಾಪಕ ಇಟ್ಟಿದ್ದಾರೆ, ಹೆಚ್ಚುಕಮ್ಮಿ ಪಂಚಾಯಿತಿಗೆ ಒಂದು. 15 ನಿಮಿಷಕ್ಕೊಮ್ಮೆ ಅಂಕಿ ಬರುತ್ತದೆ. ಬೆಂಗಳೂರಿಗೆ 'ಮೇಘಸಂದೇಶ' ಆಪ್ ಇದೆ, ರೈತರಿಗೆ ವರುಣಮಿತ್ರ ಸಹಾಯವಾಣಿ ಇದೆ. ಇಷ್ಟು ದೊಡ್ಡ ಸೆನ್ಸರ್ ಜಾಲ ಕೈಯಲ್ಲೇ ಇದ್ದಾಗ ನಿಮ್ಮ ಪಾರ್ಕಿಗೆ ಬೇರೆ ಮಳೆಮಾಪಕ ಬೇಡ. ರಾತ್ರಿ 10 ಮಿ.ಮೀ. ಬಂದಿದ್ದರೆ ಬೆಳಿಗ್ಗೆ ಪೈಪು ಮುಟ್ಟಬೇಡಿ ಅನ್ನುವ ಒಂದೇ ನಿಯಮ ಸಾಕು.

ಕಡಲೆಕಾಯ್‌ಪರಿಷೆ

ಆ ಎರಡು ಗುಲ್‌ಮೊಹರ್ ಬಗ್ಗೆ ನನಗೆ ಭಯ. ಏಪ್ರಿಲ್–ಮೇ ಗಾಳಿಮಳೆಗೆ ಮೊದಲು ಬೀಳುವುದೇ ಅವು. ಸಿಂಗಪುರದಲ್ಲಿ ದೊಡ್ಡ ಮರಗಳಿಗೆ ವಾಲುವುದನ್ನು ಅಳೆಯುವ ಸೆನ್ಸರ್ ಕಟ್ಟುತ್ತಾರೆ ಅಂತ ಓದಿದ್ದೆ. ಇಲ್ಲಿ ಆಗುತ್ತಾ?

ಸೋಲ್ಡರ್‌ಕಡ್ಡಿ

ಕಟ್ಟಬಹುದು. ಬೇರು ಮೆಲ್ಲಗೆ ಸಡಿಲ ಆಗುತ್ತಿದ್ದರೆ ಅದು ಹೇಳುತ್ತದೆ. ಕೊಂಬೆ ಲಟಕ್ಕನೆ ಮುರಿಯುವುದನ್ನು ಹೇಳುವುದಿಲ್ಲ. ಗುಲ್‌ಮೊಹರ್ ತೊಂದರೆ ಹೆಚ್ಚಾಗಿ ಕೊಂಬೆಯದು. ಸೆನ್ಸರ್ ದುಡ್ಡಿನಲ್ಲಿ ಬುಡದ ಸುತ್ತ ಹಾಕಿದ ಕಾಂಕ್ರೀಟ್ ಒಡೆಸಿ, ಮರ ಗೊತ್ತಿರುವವರನ್ನು ಕರೆಸಿ ಒಮ್ಮೆ ತೋರಿಸಿ.

ಹೊಂಗೆನೆರಳು

ಎಲ್ಲರಿಗೂ ಧನ್ಯವಾದ. ಈ ವಾರ ನಡೆದದ್ದು ಹೇಳಬೇಕು.

ಇಷ್ಟೆಲ್ಲ ಓದಿದ ಮೇಲೆ ನಾಚಿಕೆ ಆಯಿತು. ನಾವು ಸಭೆಯಲ್ಲಿ ಮಾಲಿಯನ್ನು ಒಂದು ಮಾತು ಕೇಳಿರಲಿಲ್ಲ. ನಿನ್ನೆ ಶೆಡ್ಡಿಗೆ ಹೋಗಿ ಕೂತೆ. ಅವರ ಹೆಂಡತಿ ಕಾಫಿ ಕೊಟ್ಟರು. 'ನೀರು ಬೇಕೋ ಬೇಡವೋ ಅಂತ ಹೇಗೆ ಗೊತ್ತಾಗುತ್ತಮ್ಮ?' ಅಂತ ಕೇಳಿದೆ. 'ಹುಲ್ಲು ತುಳಿದು ನೋಡೋದು. ಹೆಜ್ಜೆ ಗುರುತು ತಾನಾಗೇ ಎದ್ದರೆ ಬೇಡ. ಹಾಗೇ ಮಲಗಿದ್ದರೆ ಬೇಕು' ಅಂದರು. ಇಪ್ಪತ್ತು ವರ್ಷ ಅದೇ ಹುಲ್ಲಿನ ಮೇಲೆ ನಡೆದೆ, ನನಗೆ ತಿಳಿದಿರಲಿಲ್ಲ.

'ಮತ್ತೆ ಮಳೆ ಬಂದ ಮರುದಿನವೂ ಯಾಕೆ ಪೈಪು ಬಿಡ್ತೀರಿ?' ಅಂದೆ. ಮಾಲಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದರು, 'ಬಿಡದೇ ಇದ್ದರೆ ಬೆಳಿಗ್ಗೆ ವಾಕಿಂಗ್ ಬರೋರು ಬಯ್ತಾರಲ್ಲಮ್ಮ. ಸಂಬಳ ತಗೊಂಡು ನಿದ್ದೆ ಮಾಡ್ತಾನೆ ಅಂತಾರೆ. ನೀರು ಹರೀತಿದ್ದರೆ ಯಾರೂ ಏನೂ ಅನ್ನಲ್ಲ.'

ಇಷ್ಟು ದಿನ ಬೋರ್ ಖಾಲಿ ಆಗುತ್ತಿದ್ದದ್ದು ನಮ್ಮ ಬಾಯಿಗೆ ಹೆದರಿ.

ಹಾಗಾಗಿ ಕೊಟೇಶನ್ ವಾಪಸ್ ಕಳಿಸಿದೆವು. ಮೂರು ಮಣ್ಣಿನ ಸೆನ್ಸರ್, ಸಂಪಿಗೆ ಒಂದು ಮಟ್ಟದ ಸೆನ್ಸರ್, ತುಮಕೂರಿನವರು ಹೇಳಿದ ಸಿಮ್ ಸ್ಟಾರ್ಟರ್. ಮರಗಳಿಗೆ ನಂಬರ್. ಒಡೆಯಬೇಕಾದ ಕಾಂಕ್ರೀಟ್ ಒಡೆಸುವುದು. ಶೌಚಾಲಯದ ನಲ್ಲಿ ಇವತ್ತು ಸರಿಯಾಯಿತು ಅಂಕಲ್.

ಸೋಲ್ಡರ್‌ಕಡ್ಡಿ

ಭಾನುವಾರ ನಾನೇ ಬರ್ತೀನಿ, ಬಕೆಟ್ ರೆಡಿ ಇಡಿ. ವೈಫೈ ಬೇಡ, ಲೋರಾ ಹಾಕೋಣ. ಕಮ್ಮಿ ಕರೆಂಟಿನಲ್ಲಿ ದೂರಕ್ಕೆ ಅಂಕಿ ಕಳಿಸುವ ರೇಡಿಯೋ ಅದು. 865–867 ಮೆಗಾಹರ್ಟ್ಸ್‌ನಲ್ಲಿ ಲೈಸೆನ್ಸ್ ಬೇಕಿಲ್ಲ, ಬ್ಯಾಟರಿ ಬೇಗ ಮುಗಿಯಲ್ಲ. ಎತ್ತರದ ತಾರಸಿ ಇರುವ ಯಾರಾದರೂ ಆ ಅಂಕಿ ಹಿಡಿಯುವ ಒಂದು ಡಬ್ಬಿ ಇಡೋಕೆ ಒಪ್ಪಬೇಕು. ಆಮೇಲೆ ಅಂಕಿಯನ್ನು ಮಣ್ಣಿಗೆ ಮಾತ್ರ ಅಲ್ಲ, ಆ ಅಮ್ಮನ ಹೆಜ್ಜೆಗೂ ತಾಳೆ ಹಾಕೋಣ. ಗುರುತು ಏಳದ ದಿನ ಸೆನ್ಸರ್ ಏನು ಹೇಳುತ್ತದೋ ಅದೇ ನಮ್ಮ ಗೆರೆ.

ಹೊಂಗೆನೆರಳು

ಏಳು ವಾರದ ನಂತರ ಬರೆಯುತ್ತಿದ್ದೇನೆ. ಒಂದು ಸೆನ್ಸರಿನ ವೈರನ್ನು ಹೆಗ್ಗಣ ಕಡಿದು ಹಾಕಿತು. ಈಗ ಪಿವಿಸಿ ಪೈಪಿನೊಳಗೆ ಎಳೆದಿದ್ದೇವೆ. ಇನ್ನೆರಡು ಚೆನ್ನಾಗಿವೆ. ಅಮ್ಮನ ಹೆಜ್ಜೆ ಗುರುತು ಏಳದ ದಿನ ಅಂಕಿ 13 ಇತ್ತು. ಹಾಗಾಗಿ 13 ನಮ್ಮ ಗೆರೆ. ಅದರ ಮೇಲಿದ್ದರೆ ನೀರಿಲ್ಲ. ಅಂಕಿ ದಿನಾ ಬೆಳಿಗ್ಗೆ ಐದೂವರೆಗೆ ಮಾಲಿ ಫೋನಿಗೆ ಕನ್ನಡದಲ್ಲಿ ಮೆಸೇಜಾಗಿ ಹೋಗುತ್ತದೆ, ನಮಗೆ ಯಾರಿಗೂ ಅಲ್ಲ. ನೇರಳೆ ಮರದ ಪಕ್ಕದ್ದು ಮಾತ್ರ ಯಾವಾಗಲೂ ಕಮ್ಮಿ ತೋರಿಸುತ್ತಿತ್ತು. ಸೆನ್ಸರ್ ಕೆಟ್ಟಿದೆ ಅಂದುಕೊಂಡೆವು. ನೋಡಿದರೆ ಪೈಪು ಅಲ್ಲಿಯ ತನಕ ಮುಟ್ಟುತ್ತಲೇ ಇರಲಿಲ್ಲ.

ವಾಕಿಂಗ್‌ಅಂಕಲ್

ಒಂದು ತಪ್ಪೊಪ್ಪಿಗೆ. ಮೊನ್ನೆ ಬೆಳಿಗ್ಗೆ ಹುಲ್ಲು ಒಣಗಿದ ಹಾಗೆ ಕಂಡಿತು. ಮಾಲಿಯನ್ನು ಕರೆದು ಸ್ವಲ್ಪ ಜೋರಾಗಿಯೇ ಕೇಳಿದೆ. ಅವನು ಜೇಬಿನಿಂದ ಫೋನ್ ತೆಗೆದು ನನ್ನ ಮುಖಕ್ಕೆ ಹಿಡಿದ. '19 ಇದೆ ಸರ್. ಇವತ್ತು ಬೇಡ.'

ಕನ್ನಡಕ ಮನೆಯಲ್ಲಿ ಬಿಟ್ಟು ಬಂದಿದ್ದೆ. ಓದೋಕೆ ಆಗಲಿಲ್ಲ. ಆದರೂ 'ಸರಿಯಪ್ಪ' ಅಂದು ಇನ್ನೊಂದು ರೌಂಡು ಹೊರಟೆ.

ಸೋಲ್ಡರ್‌ಕಡ್ಡಿ

😄 ಮೇಡಂ, ಸಂಪಿನ ಸೆನ್ಸರಿನ ಬ್ಯಾಟರಿ ಮುಂದಿನ ತಿಂಗಳು ನೋಡಬೇಕು. ಏಣಿ ಯಾರ ಮನೆಯಲ್ಲಿದೆ?